ಸೈನಿಕನ ಬೆವರಿಗೆ ಶಿವನಸಮುದ್ರದ ಲೆಕ್ಕ

ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸತೊಡಗಿದಾಗ, ಬೀಳುವ ನೀರಿಗೆ ಎಷ್ಟು ಬಲವಿದೆ ಎಂಬುದು ನಾಡಿಗೆಲ್ಲ ತಿಳಿಯಿತು. ಆರುವ ನೀರಿನ ಬಲ ಅದಕ್ಕಿಂತ ದೊಡ್ಡದು. ಒಂದು ಲೀಟರ್ ಬೆವರು ಮೈಮೇಲೆ ಪೂರ್ತಿ ಆರಿದರೆ ಸುಮಾರು 24 ಲಕ್ಷ ಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. ಅಷ್ಟು ಶಕ್ತಿ ಹೊಮ್ಮಬೇಕಾದರೆ ಸುಮಾರು 100 ಮೀಟರ್ ಎತ್ತರದಿಂದ ಕಾವೇರಿಯ 2,500 ಲೀಟರ್ ನೀರು ಧುಮುಕಬೇಕು. ಮರುಭೂಮಿಯಲ್ಲಿ ಹೊರೆ ಹೊತ್ತು ನಡೆಯುವ ಸೈನಿಕನ ಜೀವ ನಿಂತಿರುವುದು ಈ ಲೆಕ್ಕದ ಮೇಲೆಯೇ.

ಅವನಿಗೆ ಕಾವು ಬರುವುದು ಎರಡು ಕಡೆಯಿಂದ. ಸುಮ್ಮನೆ ಕುಳಿತವನ ದೇಹ 100 ವಾಟ್‌ನಷ್ಟು ಶಾಖ ಹೊಮ್ಮಿಸಿದರೆ, 25-30 ಕಿಲೋ ಹೊತ್ತು ಮರಳಿನಲ್ಲಿ ಹೆಜ್ಜೆ ಹಾಕುವವನದು 450 ವಾಟ್ ದಾಟುತ್ತದೆ. ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಶಾಖವಾಗಿ ಮೈಯಲ್ಲೇ ಉಳಿಯುತ್ತದೆ. ಅದು ಹೊರಬೀಳದಿದ್ದರೆ 70 ಕಿಲೋ ತೂಕದ ದೇಹ ಸುಮಾರು ಒಂಬತ್ತು ನಿಮಿಷಕ್ಕೊಂದು ಡಿಗ್ರಿಯಂತೆ ಕಾಯುತ್ತದೆ. 37ರಿಂದ ಅಪಾಯದ 40 ಡಿಗ್ರಿಗೇರಲು ಅರ್ಧ ಗಂಟೆ ಸಾಕು. ಚರ್ಮದ ಉಷ್ಣತೆ 35 ಡಿಗ್ರಿಯಷ್ಟಿದ್ದು ಗಾಳಿ 45 ಇದ್ದರೆ, ಗಾಳಿಯೂ ಮೈಗೆ ಕಾವನ್ನೇ ತುಂಬುತ್ತದೆ. ಆಗ ಉಳಿಯುವ ದಾರಿ ಬೆವರೊಂದೇ. ಗಂಟೆಗೆ ಒಂದು ಲೀಟರಿಗೂ ಹೆಚ್ಚು ಬೆವರು ಸುರಿಯಬೇಕು.

ಮೈಸೂರು ಲ್ಯಾನ್ಸರ್ಸ್ ಅಶ್ವದಳ ಇದನ್ನು ಮೈಯಲ್ಲೇ ಉಂಡಿತ್ತು. ಮೊದಲ ಮಹಾಯುದ್ಧದಲ್ಲಿ ಸೂಯೆಜ್ ಕಾಲುವೆಯ ಕಾವಲಿಗೆ ಹೋದ ಈ ಸವಾರರು 1918ರ ಬೇಸಿಗೆಯಲ್ಲಿ ಸಮುದ್ರಮಟ್ಟಕ್ಕಿಂತ 300 ಮೀಟರಿಗೂ ಕೆಳಗಿರುವ ಜೋರ್ಡಾನ್ ಕಣಿವೆಯಲ್ಲಿದ್ದರು. ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಹೈಫಾ ಪಟ್ಟಣ ಗೆದ್ದರು. ಕುದುರೆಯೂ ಮನುಷ್ಯನಂತೆ ಮೈತುಂಬ ಬೆವರುವ ಪ್ರಾಣಿ. ಅದರ ಬೆವರಿನಲ್ಲಿರುವ ಲ್ಯಾಥೆರಿನ್ ಎಂಬ ಪ್ರೋಟೀನು ನೊರೆಯೆಬ್ಬಿಸಿ, ರೋಮದ ತುದಿಯವರೆಗೂ ತೇವ ಹರಡಿ, ಬೇಗ ಆರುವಂತೆ ಮಾಡುತ್ತದೆ. ಬೆವರಿದಷ್ಟೂ ನೀರು ಬೇಕಲ್ಲ! ಸಿನಾಯ್ ಮರುಭೂಮಿಯಲ್ಲಿ ಬ್ರಿಟಿಷ್ ಸೇನೆ ಮುಂದೆ ಸಾಗಿದಂತೆ ಅದರ ಬೆನ್ನಿಗೇ ನೈಲ್ ನೀರಿನ ಪೈಪೂ ಸಾಗಿದ್ದು ಇದಕ್ಕಾಗಿ.

ಆ ಸವಾರರ ಎದೆಗೆ ಕವಚವಿರಲಿಲ್ಲ. ಇಂದು ರಾಜಸ್ಥಾನದ ಗಡಿಯಲ್ಲಿ ಬುಲೆಟ್‌ಪ್ರೂಫ್ ಜಾಕೆಟ್ ತೊಟ್ಟ ಜವಾನನ ಪಾಡು ಬೇರೆ. ಅಲ್ಲಿನ ಫಲೋದಿಯಲ್ಲಿ 2016ರ ಮೇ 19ರಂದು ಉಷ್ಣತೆ 51 ಡಿಗ್ರಿ ಮುಟ್ಟಿತ್ತು. ಗುಂಡು ತಡೆಯುವ ತಟ್ಟೆ ಗಾಳಿಯನ್ನೂ ತಡೆಯುತ್ತದೆ. ಸುತ್ತ ಒಣ ಹವೆಯಿದ್ದರೂ ಜಾಕೆಟ್ಟಿನೊಳಗೆ ಮೇ ತಿಂಗಳ ಮಂಗಳೂರಿನ ಸೆಖೆ. ಅಲ್ಲಿ ಬೆವರು ಆರುವುದಿಲ್ಲ, ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರಿನಿಂದ ನೀರು, ಉಪ್ಪು ಎರಡೂ ನಷ್ಟ. ತಂಪು ಮಾತ್ರ ಇಲ್ಲ. ಹಾಗಾಗಿಯೇ ಜಾಕೆಟ್ಟಿಗೂ ಮೈಗೂ ನಡುವೆ ಗಾಳಿಯಾಡಲು ಸಂದು ಬಿಡುವ, ಒಳಗೆ ತಣ್ಣೀರು ಹರಿಸುವ ವಿನ್ಯಾಸಗಳು ಬಂದಿವೆ.

ದೇಹವೂ ಪಳಗುತ್ತದೆ. ಬಿಸಿಲಲ್ಲಿ ದಿನಕ್ಕಿಷ್ಟು ಎಂದು ದುಡಿದರೆ 10-14 ದಿನಗಳಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ರಜೆ ಮುಗಿಸಿ ಮರಳಿದ ಜವಾನ ಇದನ್ನು ಮತ್ತೆ ಮೊದಲಿಂದ ಗಳಿಸಬೇಕಾಗಬಹುದು. ಊಟ, ಉಪ್ಪು ಬಿಟ್ಟು ಬರೀ ನೀರನ್ನೇ ವಿಪರೀತ ಕುಡಿದರೂ ರಕ್ತದ ಸೋಡಿಯಂ ಕುಸಿದು ಪ್ರಜ್ಞೆ ತಪ್ಪಬಹುದು.

1950ರ ದಶಕದಲ್ಲಿ ಅಮೆರಿಕದ ಸೇನಾ ತರಬೇತಿ ಶಿಬಿರಗಳಿಗಾಗಿ ಬಿಸಿಲಿಗೊಂದು ಹೊಸ ಅಳತೆ ಬಂತು. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿಗೆ ಅದರಲ್ಲಿ 70 ಪಾಲು, ಬಿಸಿಲು ಹೀರುವ ಕರಿ ಗೋಳಕ್ಕೆ 20, ಮಾಮೂಲಿ ಥರ್ಮಾಮೀಟರಿಗೆ 10 ಪಾಲು. ಬೆವರು ಆರುತ್ತದೋ ಇಲ್ಲವೋ ಎಂಬುದೇ ಮುಖ್ಯ ಪ್ರಶ್ನೆ ಎಂದು ಒಪ್ಪಿಕೊಂಡ ಸೂತ್ರವಿದು. ಎಷ್ಟು ಹೊತ್ತು ಕೆಲಸ, ಎಷ್ಟು ಹೊತ್ತು ವಿರಾಮ ಎಂಬುದನ್ನು ಈ ಅಂಕಿ ನೋಡಿ ನಿರ್ಧರಿಸುತ್ತಾರೆ.

ಮಳವಳ್ಳಿ, ಮದ್ದೂರು ಕಡೆ ಗಾಳಿಯಾಡದ ಗದ್ದೆಯಲ್ಲಿ ಕಬ್ಬು ಕಡಿದು, ಕಟ್ಟು ಹೊತ್ತು ಲಾರಿಗೆ ತುಂಬುವವರಿಗೂ ಇದೇ ಲೆಕ್ಕ. ವ್ಯತ್ಯಾಸವೆಂದರೆ ಅವರಿಗೆ ವಿರಾಮದ ಹೊತ್ತು ಹೇಳುವ ಅಧಿಕಾರಿ ಇಲ್ಲ. ಬಿಸಿಲಲ್ಲಿ ದುಡಿಯುತ್ತಿದ್ದವರು ತಡವರಿಸಿ ಮಾತಾಡಿದರೆ, ಗೊಂದಲಗೊಂಡು ಕುಸಿದರೆ, ಬೆವರುತ್ತಿದ್ದಾರೆಂದು ಧೈರ್ಯ ತಾಳಬೇಡಿ. ಆಂಬುಲೆನ್ಸಿಗೆ ಫೋನ್ ಮಾಡಿಸಿ, ಅದು ಬರುವವರೆಗೆ ಕಾಯದೆ ನೆರಳಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸುತ್ತಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.