‘ಪೂಲ್’ ಎಂಬ ಮಾತು: ಕೊಳವೋ, ಕೋಳಿಯೋ?

ಕಾಫಿ ಬೆಳೆಯುವ ಮನೆಗಳಲ್ಲಿ ‘ಪೂಲ್’ ಎಂಬ ಮಾತನ್ನು ಅರಿಯದವರು ವಿರಳ. ಇಂಗ್ಲಿಷ್ ಅಕ್ಷರ ಬಾರದ ಹಿರಿಯರೂ ‘ಈ ವರ್ಷ ಪೂಲಿಗೆ ಇಷ್ಟು ಮೂಟೆ ಹಾಕಿದೆವು’, ‘ಪೂಲಿನ ದುಡ್ಡು ಇನ್ನೂ ಬಂದಿಲ್ಲ’ ಎಂದು ಸರಾಗವಾಗಿ ಆಡುತ್ತಿದ್ದರು. ಆ ಪೂಲ್ ಹೋಗಿ ಬಹಳ ವರ್ಷಗಳಾದವು, ಮಾತು ಮಾತ್ರ ಉಳಿದಿದೆ. ಈಗ ಬೆಳೆಗಾರರ ಗುಂಪುಗಳಲ್ಲಿ ‘ಎಲ್ಲರ ಕಾಫಿಯನ್ನೂ ಪೂಲ್ ಮಾಡಿ ಮಾರೋಣ’ ಎಂಬ ಸಲಹೆ ಮತ್ತೆ ಕೇಳಿಬರುತ್ತಿರುವುದರಿಂದ, ಈ ಮಾತು ಎಲ್ಲಿಂದ ಬಂತು, ಏನೇನು ಅರ್ಥ ಹೊತ್ತಿದೆ ಎಂಬುದನ್ನು ಸದಸ್ಯ ಬಾಂಧವರು ತಿಳಿದಿರುವುದು ಮೇಲು.

ನೋಡಲು ಒಂದೇ ಆದರೂ ಇವು ಎರಡು ಬೇರೆ ಬೇರೆ ಪದಗಳು. ಮೊದಲನೆಯದು ಹಳೆಯ ಇಂಗ್ಲಿಷಿನದೇ. ಅರ್ಥ ಕೊಳ, ಮಡು, ನಿಂತ ನೀರು. ಡಚ್ ಮತ್ತು ಜರ್ಮನ್ ಭಾಷೆಗಳಲ್ಲೂ ಅದರ ದಾಯಾದಿಗಳುಂಟು. ಈಜುಕೊಳಕ್ಕೆ ‘ಸ್ವಿಮ್ಮಿಂಗ್ ಪೂಲ್’ ಎನ್ನುವುದು ಇದೇ. ಲಿವರ್‌ಪೂಲ್ ನಗರದ ಹೆಸರಿನ ಬಾಲದಲ್ಲಿರುವುದೂ ಇದೇ, ರಾಡಿ ನೀರಿನ ಮಡು ಎಂದು ಆ ಹೆಸರನ್ನು ಬಿಡಿಸುತ್ತಾರೆ.

ಎರಡನೆಯದು ಫ್ರೆಂಚರಿಂದ ಬಂದದ್ದು. ಫ್ರೆಂಚಿನಲ್ಲಿ ‘ಪೂಲ್’ ಎಂದರೆ ಹೇಂಟೆ ಕೋಳಿ! ಅದರ ಮೂಲ ಲ್ಯಾಟಿನ್, ಮರಿ ಎಂಬ ಅರ್ಥದ ಪದ. ನಮಗೆಲ್ಲ ಗೊತ್ತಿರುವ ‘ಪೌಲ್ಟ್ರಿ’ ಕೂಡ ಅದೇ ಬೇರಿನದು. ಹದಿನೇಳನೆಯ ಶತಮಾನದಲ್ಲಿ ಫ್ರೆಂಚರು ಇಸ್ಪೀಟಾಟದಲ್ಲಿ ಎಲ್ಲರೂ ಮಧ್ಯಕ್ಕೆ ಹಾಕಿದ ಪಣದ ಹಣವನ್ನು ‘ಕೋಳಿ’ ಎಂದು ಕರೆಯುತ್ತಿದ್ದರು. ಗೆದ್ದವನಿಗೆ ಕೋಳಿಯನ್ನೇ ಕೊಡುವ ಆಟವೊಂದರಿಂದ ಇದು ಬಂತೆಂದು ಕೆಲವರು, ಬರೀ ತಮಾಷೆಯ ಮಾತೆಂದು ಕೆಲವರು. ಕೋಳಿ ಅಂಕ ಕಂಡ ಕರಾವಳಿಯವರಿಗೆ ಮೊದಲಿನ ವಿವರಣೆಯಲ್ಲಿ ಸೋಜಿಗವೇನೂ ತೋರದು. ಅಲ್ಲಿಯೂ ಸೋತ ಕೋಳಿ ಗೆದ್ದವನ ಪಾಲು. ಇಂಗ್ಲಿಷರು ಈ ಫ್ರೆಂಚ್ ಪದವನ್ನು ತೆಗೆದುಕೊಂಡು, ತಮ್ಮಲ್ಲಿದ್ದ ಕೊಳದ ಕಾಗುಣಿತವನ್ನೇ ಅದಕ್ಕೂ ತೊಡಿಸಿದರು. ಗೊಂದಲ ಶುರುವಾದದ್ದು ಅಲ್ಲಿಂದ.

ಆಮೇಲೆ ಕೋಳಿಯ ಸಂತಾನ ಬೆಳೆಯಿತು. ಪಣ ಕಟ್ಟಿ ಆಡುತ್ತಿದ್ದ ಬಿಲಿಯರ್ಡ್ಸ್ ಆಟಕ್ಕೆ ಪೂಲ್ ಎಂದಾಯಿತು. 1923ರಲ್ಲಿ ಜಾನ್ ಮೂರ್ಸ್ ಮತ್ತು ಸ್ನೇಹಿತರು ಇಂಗ್ಲೆಂಡಿನಲ್ಲಿ ‘ಲಿಟಲ್‌ವುಡ್ಸ್’ ಎಂಬ ಫುಟ್‌ಬಾಲ್ ಪೂಲ್ಸ್ ಆರಂಭಿಸಿದರು. ಜನ ಕಟ್ಟಿದ ಹಣವೆಲ್ಲ ಒಂದೆಡೆ ಸೇರಿ, ಕಂಪನಿಯ ಪಾಲು ಕಳೆದು, ಪಂದ್ಯಗಳ ಫಲಿತಾಂಶ ಸರಿಯಾಗಿ ಊಹಿಸಿದವರಿಗೆ ಹಂಚಿಕೆ. ಈ ಕಂಪನಿ ನೆಲೆನಿಂತದ್ದು ಲಿವರ್‌ಪೂಲಿನಲ್ಲಿ, ಅಂದರೆ ಕೋಳಿ ಹೋಗಿ ಮಡುವಿನ ಊರಿನಲ್ಲೇ ಮೊಟ್ಟೆಯಿಟ್ಟಿತು. ಹಲವರು ಒಂದೇ ಕಾರಿನಲ್ಲಿ ಹೋಗುವ ‘ಕಾರ್ ಪೂಲ್’ ಸಹ ಈ ವಂಶದ್ದೇ. ಎರಡನೆಯ ಮಹಾಯುದ್ಧ ಆರಂಭವಾದ 1939ರಿಂದ 1953ರವರೆಗೆ ಬ್ರಿಟನ್ನಿನಲ್ಲಿ ಎಲ್ಲ ಕಂಪನಿಗಳ ಪೆಟ್ರೋಲನ್ನೂ ‘ಪೂಲ್ ಪೆಟ್ರೋಲ್’ ಎಂಬ ಒಂದೇ ಹೆಸರಿನಲ್ಲಿ ಮಾರಿದರು.

ನಮ್ಮ ಕಾಫಿಗೆ ಪೂಲ್ ಬಂದದ್ದೂ ಅದೇ ಯುದ್ಧದಿಂದ. ಯುರೋಪಿನ ಮಾರುಕಟ್ಟೆ ಮುಚ್ಚಿ ಬೆಲೆ ಕುಸಿದಾಗ 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಫಿ ಕಾಯಿದೆ ಬಂದವು. ಮನೆ ಬಳಕೆಗೆ, ಬೀಜಕ್ಕೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸುವ ಪದ್ಧತಿ ನೆಲೆಗೊಂಡಿತು. ಬೋರ್ಡು ಹರಾಜು ಮಾಡಿ, ಖರ್ಚು ಕಳೆದು, ಕಂತುಕಂತಾಗಿ ಹಣ ಕೊಡುತ್ತಿತ್ತು. 1990ರ ದಶಕದ ಮೊದಲ ವರ್ಷಗಳಲ್ಲಿ ಇದನ್ನು ಸಡಿಲಿಸುತ್ತ ಬಂದು, 1996ರ ಸೆಪ್ಟೆಂಬರಿನಲ್ಲಿ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟದ ಹಕ್ಕು ಕೊಡಲಾಯಿತು.

ಹಂಚಿಕೆ ನಡೆಯುತ್ತಿದ್ದುದು ಪಾಯಿಂಟಿನ ಮೇಲೆ. ತಿಳಿಯಲು ಒಂದು ಸಣ್ಣ ಲೆಕ್ಕ ಕಲ್ಪಿಸಿಕೊಳ್ಳೋಣ. ಪೂಲಿನಲ್ಲಿ ಇಬ್ಬರೇ ಇದ್ದಾರೆ. ಒಬ್ಬರದು ಮೂಟೆಗೆ 100 ಪಾಯಿಂಟಿನ ಕಾಫಿ 10 ಮೂಟೆ, ಇನ್ನೊಬ್ಬರದು 80 ಪಾಯಿಂಟಿನದು 10 ಮೂಟೆ. ಒಟ್ಟು 1,800 ಪಾಯಿಂಟು. ಖರ್ಚು ಕಳೆದು ಉಳಿದದ್ದು 90,000 ರೂಪಾಯಿ ಆದರೆ ಪಾಯಿಂಟಿಗೆ 50 ರೂಪಾಯಿ; ಮೊದಲನೆಯವರಿಗೆ 50,000, ಎರಡನೆಯವರಿಗೆ 40,000. ಇಲ್ಲಿಯವರೆಗೆ ಇದು ಕೋಳಿಯ ಪೂಲ್, ಯಾರು ಎಷ್ಟು ಹಾಕಿದರೆಂಬ ಲೆಕ್ಕ ಅಳಿಸಿಲ್ಲ. ಆದರೆ ಹರಾಜಿನಲ್ಲಿ ಆ ವರ್ಷ ಮೊದಲನೆಯವರ ಕಾಫಿಗೆ ಎರಡನೆಯದರ ಒಂದೂವರೆ ಪಟ್ಟು ಬೆಲೆ ಸಿಕ್ಕಿತೆನ್ನಿ. ಪಾಯಿಂಟು ಮೊದಲೇ ಗೊತ್ತಾಗಿರುವುದರಿಂದ ಹೆಚ್ಚಿನ ಹಣ ಇಬ್ಬರಿಗೂ ಹಂಚಿಹೋಗುತ್ತದೆ. ಒಂದೇ ದರ್ಜೆಯೊಳಗೆ ಹಣ್ಣನ್ನೇ ಆರಿಸಿ ಕೊಯ್ದವನಿಗೂ, ಹಸಿರು ಕಾಯಿ ಬೆರೆಸಿಯೂ ಹೇಗೋ ಅದೇ ದರ್ಜೆಗೆ ಸೇರಿಸಿದವನಿಗೂ ಸಮ ಪಾಯಿಂಟು. ಇದು ಕೊಳದ ಗುಣ: ಸುರಿದ ಮೇಲೆ ಯಾರ ಕೊಡದ ನೀರು ಯಾವುದೆಂದು ಹೇಳುವಂತಿಲ್ಲ. ಪೂಲಿನ ಬಗ್ಗೆ ಬೆಳೆಗಾರರಲ್ಲಿದ್ದ ಗೊಣಗಾಟದ ಒಂದು ದೊಡ್ಡ ಪಾಲು ಇಲ್ಲಿಯದೇ ಎಂದು ನನ್ನ ಎಣಿಕೆ. ಉಳಿದದ್ದು ಕಂತಿನ ಹಣ ತಡವಾಗುತ್ತಿದ್ದುದಕ್ಕೆ. ಬೆಲೆ ಬಿದ್ದ ವರ್ಷ ಅದೇ ಪೂಲ್ ಸಣ್ಣ ಹಿಡುವಳಿದಾರನಿಗೆ ಆಸರೆಯಾಗಿತ್ತೆಂಬುದನ್ನೂ ಮರೆಯುವಂತಿಲ್ಲ.

ಅಡಿಕೆಯವರಿಗೆ ಈ ತೊಡಕು ಅಷ್ಟಾಗಿ ಪರಿಚಯವಿಲ್ಲ. ಶಿವಮೊಗ್ಗ, ಸಿರ್ಸಿ ಕಡೆಯ ಸಹಕಾರ ಸಂಘಗಳಲ್ಲಿ ಪ್ರತಿ ಸದಸ್ಯನ ಅಡಿಕೆ ಬೇರೆಯೇ ಲಾಟಾಗಿ ಇರುತ್ತದೆ, ವ್ಯಾಪಾರಿಗಳು ಲಾಟು ನೋಡಿ ದರ ಬರೆಯುತ್ತಾರೆ, ಸಂಘ ಕಮಿಷನ್ ಹಿಡಿಯುತ್ತದೆ. 1973ರಲ್ಲಿ ಸ್ಥಾಪನೆಯಾದ ಕ್ಯಾಂಪ್ಕೋ ತಾನು ಪ್ರಕಟಿಸಿದ ದರಕ್ಕೆ ನೇರ ಕೊಳ್ಳುತ್ತದೆ. ಎರಡೂ ಸಹಕಾರವೇ, ಎರಡೂ ಪೂಲ್ ಅಲ್ಲ.

ಆದ್ದರಿಂದ ಯಾರಾದರೂ ‘ಪೂಲ್ ಮಾಡೋಣ’ ಎಂದಾಗ ಯಾವ ಪೂಲ್ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಗುಣ ಪರೀಕ್ಷೆ ಬೆರೆಸುವ ಮೊದಲೋ, ಬೆರೆಸಿದ ಮೇಲೋ? ಕಳೆಯುವ ಖರ್ಚು ಯಾವುದು, ಕೊನೆಯ ಕಂತು ಯಾವಾಗ? ಮುಖ್ಯವಾಗಿ, ಚೆರ್ರಿ ಕಾಫಿಯನ್ನು ಬರೀ ತೂಕದ ಮೇಲೆ ಸೇರಿಸಿಕೊಂಡರೆ, ಚೆನ್ನಾಗಿ ಒಣಗಿಸಿ ಒಳ್ಳೆಯ ಔಟ್‌ಟರ್ನ್ ಬರುವಂತೆ ತಂದವನ ಕಾಳು ತೇವದ ಮೂಟೆ ತಂದವನ ಲೆಕ್ಕಕ್ಕೆ ಹೋಗುತ್ತದೆ. ಪ್ರತಿಯೊಬ್ಬರ ಮೂಟೆಯಿಂದಲೂ ಮಾದರಿ ತೆಗೆದು ತೇವಾಂಶ ಮತ್ತು ಔಟ್‌ಟರ್ನ್ ನೋಡಿ, ಅವರ ಎದುರಿಗೇ ರಸೀದಿಯಲ್ಲಿ ಬರೆದುಕೊಟ್ಟ ಮೇಲೆ ಬೆರೆಸಬಹುದು.