ನಿಮಗಿದು ಗೊತ್ತೇ? ಬಚ್ಚಲ ನೀರಿನ ಬೆನ್ನು ಹತ್ತಿದ ಹುಳು

ಕುರೆಕುಪ್ಪದ ಮೇ ತಿಂಗಳ ಬಿಸಿಲಿಗೆ ಹಲ್ಲಿಯೂ ನೆರಳು ಹುಡುಕುತ್ತದೆ. ಅಂಥ ಊರಲ್ಲಿ, ಮೈಯ ಬಹುಪಾಲು ನೀರೇ ಆಗಿರುವ ಸಿಂಬಳದ ಹುಳು ಬದುಕುವುದುಂಟೆ? ಉಂಟು, ಮನೆಯವರೇ ಅದಕ್ಕೆ ಜಾಗ ಮಾಡಿಕೊಟ್ಟಿರುತ್ತಾರೆ. ಬಚ್ಚಲ ನೀರು ನಿಲ್ಲುವ ಬಾಳೆಯ ಬುಡ, ಏರ್‌ಕೂಲರ್ ತೊಟ್ಟಿಕ್ಕುವ ಗೋಡೆಯಂಚು, ವರ್ಷಗಟ್ಟಲೆ ಅಲುಗಾಡಿಸದ ಕುಂಡದ ತಳ. ಹೊರಗೆ ನಲವತ್ತು ಡಿಗ್ರಿ ಇದ್ದರೂ ಈ ಗೇಣಗಲದ ತಂಪು ಸಾಕು. ಮಲೆನಾಡಿನಲ್ಲಿ ಈ ಹುಳುವನ್ನು ಕರೆತರುವುದು ಮಳೆ, ಬಳ್ಳಾರಿ ಸೀಮೆಯಲ್ಲಿ ಬಚ್ಚಲು.

ಇದು ಚಿಪ್ಪಿಲ್ಲದ ಬಸವನಹುಳು. ತೋಟಗಾರಿಕೆಯವರು ಹೇಳುವ ‘ಸ್ಲಗ್’ ಇದೇ. ಹೆಸರಲ್ಲಿ ಹುಳುವಿದ್ದರೂ ಇದು ಕೀಟವಲ್ಲ, ಮೃದ್ವಂಗಿ. ಸಮುದ್ರದ ಶಂಖದ ದೂರದ ನೆಂಟ.

ನಮ್ಮ ಹಿತ್ತಿಲುಗಳಲ್ಲಿ ಹೆಚ್ಚಾಗಿ ಸಿಗುವ ಜಾತಿಗಳಲ್ಲೊಂದು ಲೇವಿಕಾಲಿಸ್ ಆಲ್ಟೆ. ಚಪ್ಪಟೆ ಮೈ, ತೊಗಲಿನಷ್ಟು ಗಟ್ಟಿಯಾದ ಕಪ್ಪು ಬೆನ್ನು, ಬೆನ್ನಿನ ನಡುವೆ ಉದ್ದಕ್ಕೂ ಮಾಸಲು ಗೆರೆ. ಮೂಲ ಆಫ್ರಿಕಾ. ಉಳಿದ ಸ್ಲಗ್‌ಗಳಿಗಿಂತ ಒಣಹವೆಯನ್ನು ಹೆಚ್ಚು ತಾಳಬಲ್ಲದು. ಹಗಲೆಲ್ಲ ಮಣ್ಣಿನೊಳಗೆ ಹುದುಗಿದ್ದು ರಾತ್ರಿ ಮೇಯಲು ಹೊರಡುತ್ತದೆ. ಹೀಗಾಗಿ ಬಯಲುಸೀಮೆಯಲ್ಲಿ ಇದನ್ನು ಕಂಡರೆ ದಾರಿ ತಪ್ಪಿ ಬಂದಿದೆ ಎಂದುಕೊಳ್ಳಬೇಡಿ.

ದೋಸೆ ಹಿಟ್ಟಿನ ಪಾತ್ರೆ ತೊಳೆದ ನೀರನ್ನು ಗಿಡಕ್ಕೆ ಸುರಿಯುವ ರೂಢಿ ನಿಮ್ಮಲ್ಲಿದೆಯೇ? ಹಾಗಾದರೆ ಇದನ್ನು ಓದಿ. 2021ರಲ್ಲಿ ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಂಗಡಿಗರು ಬ್ರೆಡ್ಡಿನ ಹುಳಿ ಬಂದ ಹಿಟ್ಟನ್ನು, ಅಂದರೆ ಮೈದಾ, ನೀರು, ಯೀಸ್ಟ್ ಇಷ್ಟನ್ನೇ, ತೋಟದಲ್ಲಿಟ್ಟು ನೋಡಿದರು. ಬಸವನಹುಳು, ಸಿಂಬಳದ ಹುಳು ಎರಡೂ ಮುತ್ತಿಕೊಂಡವು. ಹುದುಗಿನ ವಾಸನೆ ಇವಕ್ಕೆ ಅಷ್ಟು ಪ್ರಿಯ. ನಮ್ಮ ಹುಳಿ ಹಿಟ್ಟು, ಮಿಕ್ಕ ಅಂಬಲಿಯಿಂದಲೂ ಏಳುವುದು ಹುದುಗಿನ ಘಮವೇ. ಆ ಘಮವನ್ನು ಗಿಡದ ಬುಡದಲ್ಲಿ ಬಿಡುವ ಬದಲು, ಒಂದು ಹಳೆಯ ತಟ್ಟೆಯಲ್ಲಿ ಗಿಡದಿಂದ ಮಾರು ದೂರದಲ್ಲಿಟ್ಟು ನೋಡಿ. ಬೆಳಗಾಗುವ ಮೊದಲು ಟಾರ್ಚ್ ಹಿಡಿದು ಹೋದರೆ ಯಾರು ಯಾರು ಊಟಕ್ಕೆ ಬಂದಿದ್ದಾರೆಂದು ತಿಳಿದೀತು.

ವಿದೇಶದ ತೋಟಗಾರರು ಬಟ್ಟಲಲ್ಲಿ ಬಿಯರ್ ಇಡುತ್ತಾರೆ. ಹುಳುವನ್ನು ಸೆಳೆಯುವುದು ಅಮಲಲ್ಲ, ಹುದುಗಿನ ವಾಸನೆ. ಬಾಟಲಿ ಉಳಿಸಿಕೊಳ್ಳಿ.

ನಮ್ಮ ಕೃಷಿ ವಿಜ್ಞಾನಿಗಳು ಬಸವನಹುಳುವಿಗೆ ಶಿಫಾರಸು ಮಾಡುವ ವಿಷದ ತುತ್ತಿಗೂ ತೌಡು, ಬೆಲ್ಲ ಬೇಕು. ಎರಡನ್ನೂ ಕಲಸಿ ಹುಳಿಯಲು ಬಿಟ್ಟ ಮೇಲೆಯೇ ಔಷಧ ಸೇರಿಸುವುದು. ಹಸಿ ಬೆಲ್ಲಕ್ಕಿಂತ ಹುಳಿತ ಬೆಲ್ಲ ದೂರದವರೆಗೂ ಕರೆಯುತ್ತದೆ.

ಔಷಧವೇ ಬೇಡವೆನ್ನುವವರಿಗೆ ಗೋಣಿಚೀಲವಿದೆ. ಸಂಜೆ ಚೀಲವನ್ನು ನೀರಲ್ಲಿ ಅದ್ದಿ, ಹಿಂಡಿ, ಮಡಿಯ ಪಕ್ಕ ಹಾಸಿ, ಕೆಳಗೆ ಪಪ್ಪಾಯಿ ಎಲೆಯನ್ನೋ ಕೋಸಿನ ಹೊರ ಎಲೆಯನ್ನೋ ಇಡಿ. ಬಿಸಿಲೇರುವ ಮೊದಲೇ ಒಂದು ಮೂಲೆಯಿಂದ ನಿಧಾನ ಎತ್ತಿ: ಮೈ ಮುದುಡಿ, ಕೊಂಬು ಒಳಗೆಳೆದು, ನೂಲಿನ ಎಳೆಗಳಿಗೆ ಅಂಟಿಕೊಂಡು ಕೂತಿರುತ್ತವೆ. ಕೆಲವು ಮಣ್ಣಿನ ಹೆಂಟೆಯೆಂದೇ ಕಾಣುತ್ತವೆ. ಕಡ್ಡಿಯಿಂದ ಮುಟ್ಟಿದಾಗ ಲೋಳೆ ಎಳೆಯಾಗಿ ಬಂದರಷ್ಟೇ ಗುಟ್ಟು ರಟ್ಟು. ಕೈಗವಸು ಹಾಕಿ, ಇಲ್ಲವೇ ಇಕ್ಕಳದಿಂದ ಆರಿಸಿ.

ಕೈಗವಸು ಏಕೆಂದರೆ, ಇಲಿಯ ಶ್ವಾಸಕೋಶದಲ್ಲಿ ಬೆಳೆಯುವ ಒಂದು ಪರಾವಲಂಬಿ ಹುಳುವಿನ ಮರಿ ಸಿಂಬಳದ ಹುಳುವಿನ ಮೈಯಲ್ಲಿ ಇರಬಹುದು. ಅದು ಮನುಷ್ಯನ ಹೊಟ್ಟೆ ಸೇರಿದರೆ ಮಿದುಳಿನ ಪೊರೆಗೆ ಉರಿಯೂತ ತರಬಲ್ಲದು. ಕೊತ್ತಂಬರಿ, ಮೆಂತ್ಯ, ಹಸಿಯಾಗಿ ತಿನ್ನುವ ಯಾವ ಸೊಪ್ಪೇ ಆಗಲಿ, ಎಲೆ ಬಿಡಿಸಿ ತೊಳೆಯಿರಿ.

ಚೆಂಡುಹೂವಿನ ಗಿಡವಿದ್ದರೆ ಹುಳುಹುಪ್ಪಟೆ ಹತ್ತಿರ ಸುಳಿಯವು ಎನ್ನುತ್ತಾರೆ. ಸಿಂಬಳದ ಹುಳುವಿನ ಮಟ್ಟಿಗೆ ಮಾತು ತಿರುಗುಮುರುಗು. ಚೆಂಡುಹೂವಿನ ಎಳೆ ಸಸಿ ಅದರ ಮೆಚ್ಚಿನ ಮೇವು. ಆಯುಧಪೂಜೆಗೆ, ದೀಪಾವಳಿಗೆ ಹೂ ಬರಲೆಂದು ಮಳೆಗಾಲದಲ್ಲಿ ಸಸಿ ನೆಡುವ ಹೊತ್ತೇ ಹುಳುವಿಗೂ ಸುಗ್ಗಿ. ಬೆಳಗ್ಗೆ ಬರೀ ದಂಟು ನಿಂತಿದ್ದರೆ, ಪಕ್ಕದಲ್ಲಿ ಬೆಳ್ಳಿಯ ಗೆರೆ ಒಣಗಿದ್ದರೆ, ಮೇಕೆಯನ್ನು ಬೈಯಬೇಡಿ.

ಸಂಜೆ ನೀರು ಹಾಕಿದರೆ ಮಣ್ಣು ರಾತ್ರಿಯಿಡೀ ಒದ್ದೆ. ಹುಳು ಜಾರಿಕೊಂಡು ಬರಲು ಅದಕ್ಕಿಂತ ಒಳ್ಳೆಯ ಹಾದಿಯಿಲ್ಲ. ಬೆಳಗ್ಗೆ ಹಾಕಿದರೆ ರಾತ್ರಿಯ ಹೊತ್ತಿಗೆ ಮೇಲ್ಮಣ್ಣು ಆರಿರುತ್ತದೆ, ಹಾನಿಯೂ ಇಳಿಯುತ್ತದೆ. ಆದರೆ ಬೇಸಿಗೆಯಲ್ಲಿ ನಲ್ಲಿ ನೀರು ಬಂದಾಗಲೇ ಗಿಡಕ್ಕೆ ಹಾಕುವ ಮನೆಯವರಿಗೆ ಈ ಉಪದೇಶ ಕೊಡುವ ಧೈರ್ಯ ನನಗಿಲ್ಲ.

ಹಂಪಿಯ ಬಾಳೆತೋಟಗಳಿಗೆ ಇಂದಿಗೂ ನೀರುಣಿಸುವ ತುರ್ತು ಕಾಲುವೆ ವಿಜಯನಗರ ಅರಸರ ಕಾಲದ್ದು. ಕಂಪ್ಲಿ, ಹೊಸಪೇಟೆ ಸುತ್ತಲಿನ ಕಾಲುವೆ ಬಯಲಿನಲ್ಲಿ ಬಾಳೆಯ ಒಣಸೋಗೆ, ಕೊಳೆತ ದಿಂಡು ಬುಡದಲ್ಲೇ ಬಿದ್ದಿದ್ದರೆ ಹುಳುವಿಗೆ ಹೊದಿಕೆಯೂ ಅದೇ, ಊಟವೂ ಅದೇ. ಹಸಿ ಎಲೆಗಿಂತ ಕೊಳೆಯುತ್ತಿರುವ ಎಲೆಯನ್ನು ಇಷ್ಟಪಡುವ ಜಾತಿಗಳೂ ಇವೆ. ಅವು ತೋಟಕ್ಕೆ ಗೊಬ್ಬರ ಮಾಡಿಕೊಡುತ್ತವೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2022ರಲ್ಲಿ ಸಿಂಬಳದ ಹುಳುಗಳಿಗೆ ‘ಪೀಡೆ’ ಎನ್ನುವುದನ್ನೇ ಬಿಟ್ಟಿತು.

ಅದೇ ಸಂಸ್ಥೆ 2018ರಲ್ಲಿ ಮೊಟ್ಟೆಯ ಚಿಪ್ಪು, ತಾಮ್ರದ ಪಟ್ಟಿ, ಮೊನಚು ಹರಳು, ಮರದ ತೊಗಟೆ, ಉಣ್ಣೆಯ ಗುಳಿಗೆ ಎಲ್ಲವನ್ನೂ ಪರೀಕ್ಷೆಗೆ ಹಚ್ಚಿ, ಯಾವುದರಿಂದಲೂ ಹೇಳಿಕೊಳ್ಳುವಂಥ ತಡೆ ಕಾಣಲಿಲ್ಲ ಎಂದಿತು. ಮೊಟ್ಟೆಯ ಚಿಪ್ಪು ಕೂಡಿಡುವವರು ಗೊಬ್ಬರಕ್ಕೆಂದು ಧಾರಾಳವಾಗಿ ಕೂಡಿಡಲಿ.

ಉಪ್ಪು? ಹುಳು ಸಾಯುತ್ತದೆ, ನಿಜ. ಉಪ್ಪು ಮೈಯ ನೀರನ್ನೆಲ್ಲ ಹೊರಗೆಳೆಯುತ್ತದೆ. ಆದರೆ ಆ ಉಪ್ಪು ಮಣ್ಣಲ್ಲೇ ಉಳಿಯುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಎಷ್ಟೋ ಹೊಲಗಳು ಆಗಲೇ ಸವಳಾಗಿವೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಗಳು ಕೆಲಸ ಮಾಡುತ್ತಿರುವುದೇ ಈ ಸಮಸ್ಯೆಯ ಮೇಲೆ. ಕೈಯಾರೆ ಇನ್ನೊಂದು ಹಿಡಿ ಸೇರಿಸುವುದು ಬೇಡ.

ಒಲೆಯ ಬೂದಿ ಒಣಗಿರುವವರೆಗೆ ತಡೆಯುತ್ತದೆ, ನೆನೆದರೆ ಕೆಲಸಕ್ಕೆ ಬಾರದು. ಬೂದಿಗೆ ಈ ಸೀಮೆಯಲ್ಲಿ ಬರವಿಲ್ಲ: ಬಳ್ಳಾರಿ ದಾರಿಯ ಕುಡತಿನಿಯಲ್ಲಿ ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಗುಡ್ಡವನ್ನೇ ಎಬ್ಬಿಸಿದ್ದಾರೆ. ದಯವಿಟ್ಟು ಅಲ್ಲಿಂದ ತರಬೇಡಿ!

ಸಂಡೂರಿನ ಅದಿರಿಗೂ ಈ ಕಥೆಗೂ ಸಣ್ಣ ನಂಟುಂಟು. ಹಲವು ದೇಶಗಳ ಸಾವಯವ ತೋಟಗಾರರು ಬಳಸುವ ಸ್ಲಗ್ ಮದ್ದು ಕಬ್ಬಿಣದ ಫಾಸ್ಫೇಟ್. ತಿಂದ ಹುಳು ಮೇವು ಬಿಟ್ಟು, ಕೆಲವು ದಿನಗಳಲ್ಲಿ ಮರೆಯಲ್ಲೆಲ್ಲೋ ಸಾಯುತ್ತದೆ. ಆದರೆ ಅದಿರಿನಲ್ಲಿರುವುದು ಕಬ್ಬಿಣದ ಆಕ್ಸೈಡ್. ಎಲೆಯ ಮೇಲೆ ಎಷ್ಟೇ ಕೆಂಧೂಳು ಕೂತರೂ ಹುಳುವಿಗೆ ಅದು ಮದ್ದಾಗದು.

ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆ ಹುಳುವಿಗಷ್ಟೇ ಅಲ್ಲ, ನಾಯಿಗೂ ರುಚಿ, ನಾಯಿಗೂ ವಿಷ. ಬ್ರಿಟನ್ನಿನಲ್ಲಿ ಅದರ ಹೊರಾಂಗಣ ಬಳಕೆಗೆ 2022ರಿಂದ ನಿಷೇಧವಿದೆ. ಮಕ್ಕಳು, ನಾಯಿ, ಕೋಳಿ ಓಡಾಡುವ ಹಿತ್ತಿಲಲ್ಲಿ ಗೋಣಿಚೀಲವೇ ವಾಸಿ.

ಈ ಹುಳುವಿಗೆ ಬುದ್ಧಿಯೂ ಇದೆ. ಕೆಟ್ಟ ಅನುಭವ ಕೊಟ್ಟ ಮೇವನ್ನು ಒಂದೇ ಸಲಕ್ಕೆ ಗುರುತಿಟ್ಟುಕೊಂಡು ಮುಂದೆ ತಿರಸ್ಕರಿಸುತ್ತದೆ ಎಂದು ಅಮೆರಿಕದ ಅಲನ್ ಗೆಲ್ಪರಿನ್ 1975ರಲ್ಲೇ ತೋರಿಸಿದರು. ರಾತ್ರಿ ಮೇದು ಹಗಲು ಅದೇ ಅಡಗುತಾಣಕ್ಕೆ ಮರಳುವುದೂ ಉಂಟು, ಲೋಳೆಯ ಜಾಡು ಹಿಡಿದು. ಒಂದರ ಜಾಡಲ್ಲಿ ಇನ್ನೊಂದು ಬರುತ್ತದೆ.

ಲೋಳೆಯನ್ನು ಕಂಡು ಅಸಹ್ಯಪಡುವವರಿಗೆ ಇನ್ನೊಂದು: ಹಾರ್ವರ್ಡ್ ವಿಜ್ಞಾನಿಗಳು 2017ರಲ್ಲಿ ಯುರೋಪಿನ ಒಂದು ಸ್ಲಗ್‌ನ ಲೋಳೆಯನ್ನು ಮಾದರಿಯಾಗಿಟ್ಟುಕೊಂಡು, ರಕ್ತಸಿಕ್ತ ಒದ್ದೆ ಗಾಯಕ್ಕೂ ಹಿಡಿದುಕೊಳ್ಳುವ ಅಂಟು ತಯಾರಿಸಿದರು.

ಚಿಪ್ಪಿರುವ ದೊಡ್ಡ ಆಫ್ರಿಕನ್ ಬಸವನಹುಳು ಭಾರತಕ್ಕೆ ತಾನಾಗಿ ಬಂದದ್ದಲ್ಲ. 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದವರು ವಿಲಿಯಂ ಬೆನ್ಸನ್ ಎಂಬ ಶಂಖಪ್ರಿಯರು. ಇಂದು ಕೊಡಗಿನ ಶನಿವಾರಸಂತೆಯ ಕಾಫಿ ಬೆಳೆಗಾರರು ಬುಟ್ಟಿಗಟ್ಟಲೆ ಆರಿಸುತ್ತಿದ್ದಾರೆ.

ಮಿಂಚುಹುಳುವಿನ ಮರಿಗಳು ಬಸವನಹುಳು, ಸಿಂಬಳದ ಹುಳುಗಳನ್ನು ಬೇಟೆಯಾಡಿ ತಿನ್ನುತ್ತವೆ. ಕೆಂಬೂತ, ಕಪ್ಪೆ, ಶತಪದಿಗಳೂ ನಿಮ್ಮ ಪಕ್ಷವೇ.

ಕೊನೆಯದು, ಕಾಸು ಉಳಿಸುವಂಥದ್ದು. ಸಿಂಬಳದ ಹುಳು ತೋಟದಿಂದ ತೋಟಕ್ಕೆ ನಡೆದು ಬರುವುದಕ್ಕಿಂತ ಕುಂಡದೊಳಗೆ ಕೂತು ಗಾಡಿಯೇರಿ ಬರುವುದೇ ಹೆಚ್ಚು. ಲೇವಿಕಾಲಿಸ್ ತನ್ನ ಮೊಟ್ಟೆಗಳನ್ನು ದಾರದಲ್ಲಿ ಪೋಣಿಸಿದ ಮಣಿಗಳಂತೆ ಒದ್ದೆ ಮಣ್ಣಲ್ಲಿಡುತ್ತದೆ. ನರ್ಸರಿಯಲ್ಲಿ ಗಿಡ ಆರಿಸುವಾಗ ಹೂವು ನೋಡಿದ ಮೇಲೆ ಚೀಲವನ್ನೆತ್ತಿ ತಳದ ತೂತುಗಳನ್ನೂ ನೋಡಿ, ಆಮೇಲೆ ದುಡ್ಡು ಕೊಡಿ.