ಚರ್ಮದ ಕ್ಯಾನ್ಸರಿಗೆ ಕತ್ತಿಯಿಲ್ಲದ ಬೆಳಕಿನ ಚಿಕಿತ್ಸೆ

ಕ್ಯಾನ್ಸರ್ ಎಂಬ ಹೆಸರು ಕೇಳಿದೊಡನೆ ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ, "ಕೊಯ್ಯಬೇಕಂತೋ?" ಎಂಬುದು. ಆ ಅಂಜಿಕೆಯಿಂದಲೇ ಎಷ್ಟೋ ಮಂದಿ ವೈದ್ಯರಲ್ಲಿಗೆ ಹೋಗುವುದನ್ನು ಮುಂದೂಡುತ್ತಾರೆ. ಆದರೆ ಚರ್ಮದ ಮೇಲ್ಪದರದಲ್ಲಷ್ಟೇ ಇರುವ ಕೆಲವು ಬಗೆಯ ಕ್ಯಾನ್ಸರುಗಳಿಗೆ ಕತ್ತಿ ಮುಟ್ಟಿಸದೆ, ಮುಲಾಮು ಮತ್ತು ಕೆಂಪು ಬೆಳಕಿನಿಂದ ಚಿಕಿತ್ಸೆ ಮಾಡಬಹುದಾಗಿದೆ. ಷರತ್ತು ಒಂದೇ: ರೋಗ ಆಳಕ್ಕಿಳಿಯುವ ಮೊದಲೇ ತೋರಿಸಬೇಕು.

ಚಿಂಚೋಳಿ ಎಂದರೆ ಕಾಸರಗೋಡಿನ ಓದುಗರಿಗೆ ಕಲಬುರಗಿ ಜಿಲ್ಲೆಯ ತಾಲೂಕು ನೆನಪಾಗಬಹುದು. ನಾನು ಹೇಳುವುದು ಸೊಲ್ಲಾಪುರದ ಹೊರಗೆ, ಪುಣೆ ಹೆದ್ದಾರಿಯ ಮಗ್ಗುಲಲ್ಲಿರುವ ಚಿಂಚೋಳಿ ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ವಿಷಯ. ಈ ಭಾಗದ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳಲ್ಲಿ ನಿಮ್ಮಂತೆಯೇ ಮನೆಮಾತು ಕನ್ನಡವಾದ ಕುಟುಂಬಗಳು ಬಹಳ. ಹೊಲದಲ್ಲೋ ಕಾರ್ಖಾನೆಯಲ್ಲೋ ದುಡಿಯುವವರಿಗೆ ಮೈಮೇಲಿನ ಒಂದು ಕಲೆ ದೊಡ್ಡ ವಿಷಯವಲ್ಲ. ನೋವಿಲ್ಲ, ಕೂಲಿ ತಪ್ಪುವುದಿಲ್ಲ. ಅಂಗಡಿಯ ಮುಲಾಮು ಹಚ್ಚಿ ಸುಮ್ಮನಾಗುತ್ತಾರೆ.

ನಮ್ಮಂಥ ಕಂದು ಮೈಬಣ್ಣದವರಲ್ಲಿ ಈ ರೋಗ ಬಿಳಿಯರಲ್ಲಿರುವಷ್ಟು ಇಲ್ಲವೆಂಬುದು ನಿಜ. ಆದರೆ ಬಿಸಿಲೊಂದೇ ಕಾರಣವಲ್ಲ. ಕಲ್ಲಿದ್ದಲಿನ ಡಾಂಬರು, ಶುದ್ಧೀಕರಿಸದ ಖನಿಜ ತೈಲ, ಮಸಿ ಇವು ವರ್ಷಗಟ್ಟಲೆ ಮೈಗೆ ತಾಗಿದರೂ ಅಪಾಯ. ಕುಡಿಯುವ ನೀರಿನ ಆರ್ಸೆನಿಕ್ ಇನ್ನೊಂದು ಕಾರಣ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ, ಹಳೆಯ ಚಿನ್ನದ ಗಣಿ ಪ್ರದೇಶದ ಕಿರದಳ್ಳಿ ತಾಂಡಾದಲ್ಲಿ ಇಂಥ ನೀರಿನಿಂದ ಜನರ ಚರ್ಮ ಕೆಟ್ಟ ಸಂಗತಿಯನ್ನು ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದರು. ಆರ್ಸೆನಿಕ್ ದೀರ್ಘಕಾಲ ಮೈ ಸೇರಿದವರಲ್ಲಿ 'ಬೋವೆನ್ ರೋಗ' ಎಂಬ ಮೇಲ್ಪದರದ ಕ್ಯಾನ್ಸರ್ ಕಾಣಿಸಿಕೊಳ್ಳಬಹುದು. ಬೆಳಕಿನ ಚಿಕಿತ್ಸೆಗೆ ಒಗ್ಗುವ ರೋಗಗಳಲ್ಲಿ ಅದೂ ಒಂದು.

ಈ ವಿದ್ಯೆಯ ಬೀಜ ಬಿದ್ದದ್ದು 1900ರಲ್ಲಿ, ಜರ್ಮನಿಯ ಮ್ಯೂನಿಕ್ ನಗರದಲ್ಲಿ. ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ, ಒಂದು ಬಣ್ಣದ ದ್ರಾವಣದಲ್ಲಿದ್ದ ಸೂಕ್ಷ್ಮಜೀವಿಗಳು ಬೆಳಕು ಬಿದ್ದಾಗ ಬೇಗನೆ ಸಾಯುವುದನ್ನು ಕಂಡ. 1903ರಲ್ಲಿ ಆತನ ಗುರು ಟಾಪೈನರ್ ಮತ್ತು ಸಂಗಡಿಗರು ಇಯೋಸಿನ್ ಬಣ್ಣ ಹಚ್ಚಿ, ಚರ್ಮದ ಗಡ್ಡೆಗಳ ಮೇಲೆ ಬೆಳಕು ಹಾಯಿಸಿ ನೋಡಿದರು. ಹಚ್ಚುವ ಔಷಧದಿಂದ ಇಂದಿನ ರೂಪದ ಚಿಕಿತ್ಸೆಯನ್ನು ಕೆನಡಾದ ಕೆನಡಿ ಮತ್ತು ಪಾಟಿಯರ್ 1990ರಲ್ಲಿ ತೋರಿಸಿಕೊಟ್ಟರು. ಇದರ ಹೆಸರು ಫೋಟೋಡೈನಾಮಿಕ್ ಥೆರಪಿ.

ಕ್ರಮ ಹೀಗಿದೆ. ಕಲೆಯ ಮೇಲಿನ ಹಕ್ಕಳೆಯನ್ನು ಹಗುರಾಗಿ ತೆಗೆದು ಔಷಧ ಹಚ್ಚಿ, ಬೆಳಕು ತಾಗದಂತೆ ಪಟ್ಟಿ ಕಟ್ಟಿ ಸುಮಾರು 3 ಗಂಟೆ ಬಿಡುತ್ತಾರೆ. ರೋಗದ ಜೀವಕೋಶಗಳು ಅದನ್ನು ಹೀರಿಕೊಂಡು ಪೊರ್ಫಿರಿನ್ ಎಂಬ ವಸ್ತುವನ್ನು ಹೆಚ್ಚಾಗಿ ಕೂಡಿಹಾಕಿಕೊಳ್ಳುತ್ತವೆ. ಬಳಿಕ ಕೆಲವು ನಿಮಿಷ ಸುಮಾರು 630 ನ್ಯಾನೊಮೀಟರ್ ಅಲೆಯುದ್ದದ ಕೆಂಪು ಬೆಳಕು ಬಿಡುತ್ತಾರೆ. ಆಗ ಆ ವಸ್ತು ಕೋಶದೊಳಗಿನ ಆಮ್ಲಜನಕವನ್ನು ಉಗ್ರಗೊಳಿಸಿ ಕೋಶವನ್ನೇ ಕೊಲ್ಲುತ್ತದೆ. ಇದು ಎಕ್ಸ್-ರೇ ಬಗೆಯ ವಿಕಿರಣವಲ್ಲ. ಸಾಮಾನ್ಯವಾಗಿ ಒಂದು ವಾರದ ಅಂತರದಲ್ಲಿ ಎರಡು ಸಲ ಮಾಡುತ್ತಾರೆ. ಬೆಳಕು ಬೀಳುವಾಗ ಉರಿ ಇರುತ್ತದೆ. ಎರಡು ದಿನ ಆ ಜಾಗಕ್ಕೆ ಬಿಸಿಲು ತಾಗಬಾರದು. ಗಾಯದ ಗುರುತು ಉಳಿಯುವುದು ಕಡಿಮೆ.

ಆದರೆ ಇದು ಸರ್ವರೋಗ ನಿವಾರಕವಲ್ಲ. ಇದರ ಪರಿಣಾಮ ಕೆಲವೇ ಮಿಲಿಮೀಟರ್ ಆಳದವರೆಗೆ. ಕಪ್ಪು ಮಚ್ಚೆಯಂತೆ ಬೆಳೆಯುವ ಮೆಲನೋಮಾಕ್ಕೂ ಆಳಕ್ಕಿಳಿದ ಹುಣ್ಣಿಗೂ ಇದು ಸಲ್ಲದು. ಸೊಂಟದಲ್ಲಿ ಧೋತರ, ಲಂಗದ ಲಾಡಿ ಬಿಗಿದು ಬಿಗಿದು ಆಗುವ ಕ್ಯಾನ್ಸರನ್ನು ಮುಂಬಯಿಯ ಡಾ. ಖಾನೋಲ್ಕರ್ 1945ರಷ್ಟು ಹಿಂದೆಯೇ ವಿವರಿಸಿದ್ದರು. ಅದು ಆಳಕ್ಕಿಳಿದಿದ್ದರೆ ಶಸ್ತ್ರಚಿಕಿತ್ಸೆಯೇ ಬೇಕು. ಮೇಲ್ಪದರದ ಬೇಸಲ್ ಸೆಲ್ ಕ್ಯಾನ್ಸರಿನಲ್ಲೂ ಮರುಕಳಿಕೆ ಉಂಟು. ಸುಮಾರು 600 ರೋಗಿಗಳನ್ನು ಪರೀಕ್ಷಿಸಿದ ನೆದರ್‌ಲ್ಯಾಂಡ್ಸಿನ ಅಧ್ಯಯನದ 2018ರ ವರದಿಯಂತೆ, 5 ವರ್ಷಗಳ ಬಳಿಕ ರೋಗ ಮರಳದೆ ಇದ್ದವರು ಬೆಳಕಿನ ಚಿಕಿತ್ಸೆಯಲ್ಲಿ 100ಕ್ಕೆ ಸುಮಾರು 63 ಮಂದಿ, ಇಮಿಕ್ವಿಮೋಡ್ ಮುಲಾಮಿನಲ್ಲಿ ಸುಮಾರು 80 ಮಂದಿ. ಆದ್ದರಿಂದ ಗುಣವಾಯಿತೆಂದು ಮರುತಪಾಸಣೆ ಬಿಡಬಾರದು.

ಒಂದು ತಿಂಗಳಾದರೂ ಮಾಯದ ಹುಣ್ಣು, ಹರಡುತ್ತಲೇ ಇರುವ ಒರಟು ಕೆಂಪು ಕಲೆ, ಬಣ್ಣ ಬದಲಿಸುವ ಮಚ್ಚೆ ಕಂಡರೆ ಚರ್ಮವೈದ್ಯರಿಗೆ ತೋರಿಸಿ. ಚೂರು ಚರ್ಮ ತೆಗೆದು ಪರೀಕ್ಷಿಸಿದ ಹೊರತು ರೋಗ ಯಾವುದೆಂದು ಖಚಿತವಾಗದು. ಸೊಲ್ಲಾಪುರದ ಆಸ್ಪತ್ರೆಯಲ್ಲಿ ಇದನ್ನು ಮರಾಠಿಯಲ್ಲಿ ಕರ್ಕರೋಗವೆನ್ನುತ್ತಾರೆ, ನಿಮ್ಮಲ್ಲಿ ಮಲಯಾಳದಲ್ಲಿ ಅರ್ಬುದವೆನ್ನುತ್ತಾರೆ. ಭಾಷೆ ಬಾರದೆಂದು ತಲೆಯಾಡಿಸಿ ಬರಬೇಡಿ. ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ದು ಮೂರು ಮಾತು ಕೇಳಿ: ಇದು ಯಾವ ಬಗೆ? ಎಷ್ಟು ಆಳಕ್ಕೆ ಇಳಿದಿದೆ? ಯಾವ ಚಿಕಿತ್ಸೆಯಲ್ಲಿ ಮರುಕಳಿಕೆ ಎಷ್ಟು? ಬೆಳಕಿನ ಯಂತ್ರ ಎಲ್ಲ ಊರುಗಳಲ್ಲೂ ಇಲ್ಲ. ಎಲ್ಲಿ ಸಿಗುತ್ತದೆಂದೂ ಅವರನ್ನೇ ಕೇಳಿ.

ಮನೆಯ ಹಿರಿಯರ ಬೆನ್ನು, ಸೊಂಟ, ಮೊಣಕಾಲ ಕೆಳಗನ್ನು ತಿಂಗಳಿಗೊಮ್ಮೆ ಸ್ನಾನದ ಹೊತ್ತಿಗೆ ನೋಡುವುದಕ್ಕೆ ಕಾಸಿನ ಖರ್ಚಿಲ್ಲ. ರೋಗ ಮೇಲ್ಪದರದಲ್ಲಿರುವಾಗ ಕಣ್ಣಿಗೆ ಬಿದ್ದರೆ, ಕತ್ತಿಯ ಅಂಜಿಕೆ ತಪ್ಪುವ ಸಾಧ್ಯತೆಯಾದರೂ ಉಂಟು.